ಉಕ್ಕು, ನೊರೆ, ಕೈಹದ: ಕ್ಷೌರದ ಕತ್ತಿಯ ಕಥೆ

ಕ್ಷೌರ ಎಂಬ ಮಾತು ಸಂಸ್ಕೃತದ ‘ಕ್ಷುರ’ದಿಂದ ಬಂದದ್ದು. ಕ್ಷುರ ಎಂದರೆ ಕೂದಲು ಬೋಳಿಸುವ ಕತ್ತಿ. ಉಪಕರಣದ ಹೆಸರಿನಿಂದಲೇ ಕೆಲಸಕ್ಕೂ, ಅದನ್ನು ಮಾಡುವ ಕ್ಷೌರಿಕನಿಗೂ ಹೆಸರು ಬಂತು. ಹರಪ್ಪ, ಮೊಹೆಂಜೊದಾರೊಗಳ ಅಗೆತದಲ್ಲಿ ತಾಮ್ರ ಮತ್ತು ಕಂಚಿನ ಕ್ಷೌರದ ಕತ್ತಿಗಳು ಸಿಕ್ಕಿವೆ. ಈಜಿಪ್ಟಿನ ಗೋರಿಗಳಲ್ಲೂ ಅಂಥವು ದೊರೆತಿವೆ. ಆದರೆ ತಾಮ್ರವಾಗಲಿ ಕಂಚಾಗಲಿ ಹರಿತವನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ಚರ್ಮಕ್ಕೆ ನೋವಾಗದಂತೆ ಗಡ್ಡ ತೆಗೆಯಬೇಕಾದರೆ ಉಕ್ಕೇ ಬೇಕು.

ಕರ್ನಾಟಕದ ಹಳ್ಳಿಗಳಲ್ಲಿ ಕ್ಷೌರಿಕ ಹನ್ನೆರಡು ಆಯಗಾರರಲ್ಲಿ ಒಬ್ಬ. ವರ್ಷದುದ್ದಕ್ಕೂ ಊರಿನವರ ತಲೆ, ಗಡ್ಡ ನೋಡಿಕೊಂಡು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ಪಡೆಯುತ್ತಿದ್ದ. ಅವನ ಹಡಪದಲ್ಲಿ ಎರಡು ಮೂರು ಕತ್ತಿ, ಕತ್ತರಿ, ಉಗುರು ತೆಗೆಯುವ ಉಳಿ, ಸಣ್ಣ ಸಾಣೆಕಲ್ಲು, ಚರ್ಮದ ಪಟ್ಟಿ, ನೀರಿಗೊಂದು ಬಟ್ಟಲು, ಒಂದು ಕನ್ನಡಿ ಇರುತ್ತಿದ್ದವು. ಸೋಪು ಬಂದದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ಬಟ್ಟಲ ನೀರಲ್ಲಿ ಬೆರಳದ್ದಿ, ಕೆನ್ನೆ ಗಲ್ಲಗಳನ್ನು ತಿಕ್ಕಿ ತಿಕ್ಕಿ ಕೂದಲು ನೆನೆಸುವುದೇ ಪದ್ಧತಿ. ಮದುವೆಯ ವಾಲಗ, ಹುಣ್ಣು ಕುರುಗಳ ಚಿಕಿತ್ಸೆ, ಹೆಂಗಸರ ಕಡೆಯಿಂದ ಸೂಲಗಿತ್ತಿಯ ಕೆಲಸ, ಇವೂ ಅನೇಕ ಕಡೆ ಅದೇ ಮನೆತನಗಳಿಗೆ ಸೇರಿದ್ದವು. ತನ್ನ ಕುತ್ತಿಗೆಯನ್ನೇ ಒಪ್ಪಿಸುವಷ್ಟು ನಂಬಿದ ಈ ಕೈಯವರನ್ನು ಊರು ಹೊಸಿಲಾಚೆಯೇ ನಿಲ್ಲಿಸಿತು. ಅವರ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸಿತು. ಇದು ಈ ಇತಿಹಾಸದ ಅತ್ಯಂತ ನಾಚಿಕೆಗೇಡಿನ ಭಾಗ. ದಿನವೂ ಗಡ್ಡ ತೆಗೆಯುವ ರೂಢಿ ಆಗ ಇರಲಿಲ್ಲ. ವಾರ, ತಿಥಿ ನೋಡಿ ಮಾಡಿಸಿಕೊಳ್ಳುವ ಕೆಲಸ ಅದು. ಮಂಗಳವಾರ ಸಲೂನುಗಳಿಗೆ ರಜೆ ಇರುವುದು ಆ ಕಾಲದ ಉಳಿಕೆ.

ಮಡಚುವ ಕ್ಷೌರದ ಕತ್ತಿಯ ರಚನೆಯಲ್ಲಿ ಒಂದು ಜಾಣ್ಮೆ ಅಡಗಿದೆ. ಅದರ ಬೆನ್ನು ದಪ್ಪ, ಬಾಯಿ ತೆಳು, ನಡುವಿನ ಎರಡೂ ಮೈಗಳನ್ನು ಒಳಕ್ಕೆ ಬಾಗುವಂತೆ ಸಾಣೆ ಹಿಡಿದಿರುತ್ತಾರೆ. ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಬೆನ್ನು ಮತ್ತು ಬಾಯಿ ಎರಡೇ ಕಲ್ಲಿಗೆ ತಾಗುತ್ತವೆ. ಹೀಗಾಗಿ ಮಸೆಯುವವನು ಕೋನವನ್ನು ಅಂದಾಜು ಮಾಡಬೇಕಿಲ್ಲ. ಬೆನ್ನಿನ ದಪ್ಪವೇ ಅದನ್ನು ನಿಗದಿ ಮಾಡಿರುತ್ತದೆ. ಅಡುಗೆಮನೆಯ ಚಾಕುವಿಗೆ ಈ ಅನುಕೂಲ ಇಲ್ಲ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಕತ್ತಿ ಸಾಗುತ್ತದೆ. ಚರ್ಮದ ಪಟ್ಟಿಯ ಮೇಲೆ ಅದಕ್ಕೆ ತಿರುವುಮುರುವು: ಬೆನ್ನು ಮುಂದು, ಬಾಯಿ ಹಿಂದು. ತುದಿಗೆ ಬಂದಾಗ ಕತ್ತಿಯನ್ನು ಬೆನ್ನಿನ ಮೇಲೇ ಹೊರಳಿಸಬೇಕು, ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿ ಸೀಳುತ್ತದೆ, ಹರಿತವೂ ಹೋಗುತ್ತದೆ. ಕಲ್ಲಿನ ಕೆಲಸ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಪಟ್ಟಿಯ ಕೆಲಸ ಪ್ರತಿ ಕ್ಷೌರಕ್ಕೂ ಮುನ್ನ. ಕಲ್ಲು ಹರಿತ ಹುಟ್ಟಿಸುತ್ತದೆ, ಪಟ್ಟಿ ಬಾಗಿದ ಬಾಯನ್ನು ನೆಟ್ಟಗೆ ಮಾಡುತ್ತದೆ.

ಇಂಥ ಬಾಯಿ ನಿಲ್ಲಬೇಕಾದರೆ ಲೋಹ ಎಲ್ಲೆಡೆ ಒಂದೇ ಸಮ ಇರಬೇಕು. ಹದಿನೆಂಟನೆಯ ಶತಮಾನದ ಮೊದಲ ಭಾಗದವರೆಗೆ ಯುರೋಪಿನ ಉಕ್ಕಿಗೆ ಆ ಗುಣ ಇರಲಿಲ್ಲ. ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನಲ್ಲಿ ಹುದುಗಿಸಿ ದಿನಗಟ್ಟಲೆ ಕಾಯಿಸುತ್ತಿದ್ದರು. ಇಂಗಾಲ ಹೊರಮೈಗೆ ಹೆಚ್ಚು, ಒಳಗೆ ಕಡಿಮೆ ಸೇರುತ್ತಿತ್ತು. ದಕ್ಷಿಣ ಭಾರತದ ಕಮ್ಮಾರರು ಮಾತ್ರ ಶತಮಾನಗಳಿಂದ ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡಿನ ಜತೆಗೆ ತಂಗಡಿ ಗಿಡದ ಕಡ್ಡಿ, ಮೇಲೆರಡು ಹಸಿರೆಲೆ ಇಟ್ಟು ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಕುಲುಮೆಗೆ ಹಾಕುತ್ತಿದ್ದರು. ಕಡ್ಡಿ ಮತ್ತು ಎಲೆ ಸುಟ್ಟು ಉಳಿದ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಿನ ಉಂಡೆಯಾಗುತ್ತಿತ್ತು.

ಈ ಉಕ್ಕು 1790ರ ದಶಕದಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹೋಯಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಗೆ ಅದರ ಬಗ್ಗೆ ಪ್ರಬಂಧ ಒಪ್ಪಿಸಿದ. ಅದರಲ್ಲಿ ಬರುವ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ವರ್ಷಗಟ್ಟಲೆ ಪರೀಕ್ಷಿಸಿ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲೆಂದು ತೀರ್ಮಾನಿಸಿ, ಅದರಿಂದ ಮಾಡಿದ ಕ್ಷೌರದ ಕತ್ತಿಗಳು ಸಿಗುತ್ತವೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ ಇದೇ ಸ್ಟೋಡಾರ್ಟನ ಜತೆ ಸೇರಿ ಮಿಶ್ರ ಉಕ್ಕುಗಳ ಪ್ರಯೋಗ ನಡೆಸಿದ. 1820ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಫ್ಯಾರಡೆ ಸ್ನೇಹಿತರಿಗೆ ಕಾಣಿಕೆ ಕೊಟ್ಟದ್ದುಂಟು.

ಅಷ್ಟರಲ್ಲಿ ಇಂಗ್ಲೆಂಡೂ ಮೂಸೆಯ ದಾರಿ ಹಿಡಿದಿತ್ತು. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ, ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಉಕ್ಕನ್ನು ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನ ಕಂಡುಕೊಂಡ. ಶೆಫೀಲ್ಡಿನ ಕತ್ತಿ ತಯಾರಕರು ಮೊದಲಿಗೆ ಅದು ತೀರ ಗಡುಸು ಎಂದು ಮುಟ್ಟಲಿಲ್ಲ. ಹಂಟ್ಸ್‌ಮನ್ ಫ್ರಾನ್ಸಿಗೆ ಮಾರಿದ. ಅಲ್ಲಿಂದ ಬಂದ ಕತ್ತಿಗಳು ತನ್ನ ವ್ಯಾಪಾರಕ್ಕೆ ಕೈಹಾಕಿದಾಗ ಶೆಫೀಲ್ಡ್ ಮನಸ್ಸು ಬದಲಿಸಿತು. ಮುಂದಿನ ನೂರು ವರ್ಷ ಜಗತ್ತಿನ ಕೆನ್ನೆಗಳ ಮೇಲೆ ಶೆಫೀಲ್ಡ್ ಕತ್ತಿಗಳೇ ಆಡಿದವು.

ಕತ್ತಿ ಚೆನ್ನಾದ ಮೇಲೆ ತನ್ನ ಗಡ್ಡ ತಾನೇ ತೆಗೆದುಕೊಳ್ಳುವ ಆಸೆ ಹುಟ್ಟಿತು. ಪ್ಯಾರಿಸ್ಸಿನ ಕತ್ತಿ ತಯಾರಕ ಜಾನ್ ಜಾಕ್ ಪೆರೆ 1769ರಲ್ಲಿ ಅದಕ್ಕಾಗಿಯೇ ಒಂದು ಪುಸ್ತಕ ಬರೆದ. ಕತ್ತಿಯನ್ನು ಹೇಗೆ ಆರಿಸಬೇಕು, ಹೇಗೆ ಕಾಪಾಡಬೇಕು, ಹೇಗೆ ಹಿಡಿಯಬೇಕು ಎಂದು ಮನೆಮಂದಿಗೆ ಕಲಿಸಿದ ಮೊದಮೊದಲ ಕೈಪಿಡಿ ಅದು. ಬಡಗಿಯ ಉಜ್ಜುಗೊರಡನ್ನು ನೋಡಿ ಅವನಿಗೊಂದು ಉಪಾಯ ಹೊಳೆದಿತ್ತು: ಅಲಗಿಗೆ ಮರದ ಕವಚ ತೊಡಿಸಿ ಬಾಯಿಯ ಅಂಚಷ್ಟೇ ಹೊರಚಾಚುವಂತೆ ಮಾಡಿದರೆ ಗಾಯ ಆಳಕ್ಕಿಳಿಯದು. ಸೇಫ್ಟಿ ರೇಜರಿನ ಮೂಲ ಅಲ್ಲಿದೆ. 1847ರಲ್ಲಿ ವಿಲಿಯಂ ಹೆನ್ಸನ್ ಅಲಗನ್ನು ಹಿಡಿಗೆ ಅಡ್ಡಲಾಗಿ, ಗುದ್ದಲಿಯಂತೆ ಕೂರಿಸಿದ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸೋದರರು ‘ಸ್ಟಾರ್’ ರೇಜರಿಗೆ ಪೇಟೆಂಟ್ ಪಡೆದರು. ಆದರೆ ಇವೆಲ್ಲಕ್ಕೂ ಬೇಕಾದದ್ದು ಮಸೆಯುವ ಅಲಗೇ. ಪಟ್ಟಿ, ಕಲ್ಲು ತಪ್ಪಲಿಲ್ಲ.

ಕಿಂಗ್ ಕ್ಯಾಂಪ್ ಜಿಲೆಟ್ ಆ ಭಾಗವನ್ನೇ ಕಿತ್ತುಹಾಕಿದ. 1895ರಲ್ಲಿ ಅವನಿಗೆ ಹೊಳೆದದ್ದು ಮಸೆಯದೆ ಬಿಸಾಡುವ ತೆಳು ಅಲಗು. ಕಾಗದದಷ್ಟು ತೆಳುವಾದ ಉಕ್ಕಿಗೆ ಹದ ಕೊಟ್ಟು ಹರಿತ ಮಾಡುವುದು ಆಗದ ಮಾತೆಂದು ತಿಳಿದವರು ಹೇಳಿದರು. ವಿಲಿಯಂ ನಿಕರ್‌ಸನ್ ಎಂಬ ಎಂಜಿನಿಯರ್ ಅದಕ್ಕೆ ಯಂತ್ರ ರಚಿಸಿದ. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡ್. ಮರುವರ್ಷ ರೇಜರುಗಳ ಸಂಖ್ಯೆ 90 ಸಾವಿರ ದಾಟಿತು. ಮೊದಲ ಮಹಾಯುದ್ಧ ಈ ರೂಢಿಯನ್ನು ಊರೂರಿಗೆ ಒಯ್ದಿತು. ವಿಷಾನಿಲದ ಮುಖವಾಡ ಸಂದಿಲ್ಲದೆ ಕೂರಬೇಕಾದರೆ ನುಣುಪು ಕೆನ್ನೆ ಬೇಕು. ಅಮೆರಿಕ ಸರ್ಕಾರ ತನ್ನ ಸೈನಿಕರಿಗೆಂದು 35 ಲಕ್ಷ ರೇಜರ್ ಕೊಂಡಿತು. ದಿನವೂ ಗಡ್ಡ ತೆಗೆಯುವ ಅಭ್ಯಾಸವನ್ನು ಅವರು ಕಂದಕಗಳಿಂದ ಮನೆಗೆ ತಂದರು.

ನೊರೆಯ ಕಥೆ ಬೇರೆ. ಸೋಡಾ ಕ್ಷಾರದಿಂದ ಆಗುವ ಸೋಪು ಗಟ್ಟಿ, ಪೊಟ್ಯಾಶಿನಿಂದ ಆಗುವುದು ಮೆತು. ಕ್ಷೌರದ ಸೋಪಿಗೆ ಎರಡನ್ನೂ ಬೆರೆಸಿ, ಸ್ಟಿಯರಿಕ್ ಆಮ್ಲ ಹೆಚ್ಚಿಸುತ್ತಾರೆ. ಹಾಗೆ ಮಾಡಿದಾಗ ನೊರೆ ಸಣ್ಣ ಗುಳ್ಳೆಗಳಿಂದ ದಟ್ಟವಾಗಿ, ಬೇಗ ಒಣಗದೆ ನಿಲ್ಲುತ್ತದೆ. ಮೈಸೋಪಿನ ದೊಡ್ಡ ಗುಳ್ಳೆ ಅಲಗು ಬರುವಷ್ಟರಲ್ಲಿ ಒಡೆದಿರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಸೋಪನ್ನು ಹಿಡಿದು ಬಿಳಿ ಕೊಳೆಯಾಗಿಸುವುದರಿಂದ ಅಲ್ಲಿ ಸೋಪು ಹೆಚ್ಚು ಬೇಕು. ಮಳೆನೀರಾದರೆ ಸ್ವಲ್ಪವೇ ಸಾಕು. ಬ್ರಷ್ಷಿಗೆ ಬ್ಯಾಡ್ಜರ್ ಪ್ರಾಣಿಯ ಕೂದಲು ಶ್ರೇಷ್ಠ ಎನಿಸಿತ್ತು. ಯುದ್ಧಕಾಲದಲ್ಲಿ ಅದು ಸಿಗದೆ ಏಷ್ಯಾದ ಕುದುರೆ ಕೂದಲು ಬಳಸಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಿಂದ ಆಂಥ್ರಾಕ್ಸ್, ನಮ್ಮ ದನಗಾಹಿಗಳು ನೆರಡಿ ಎನ್ನುವ ರೋಗ, ಕೆನ್ನೆಯ ಗೀರುಗಳ ಮೂಲಕ ಹಲವರಿಗೆ ತಗುಲಿತು. 1920ರಲ್ಲಿ ಬ್ರಿಟನ್ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು.

ಉಪಕರಣ ಎಷ್ಟೇ ಬದಲಾದರೂ ವಿಧಾನ ಹೆಚ್ಚು ಬದಲಾಗಿಲ್ಲ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದ ಕೂದಲು ನೀರು ಹೀರಿ ಮೆತ್ತಗಾಗುತ್ತದೆ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಬೇಕು. ಹೆಚ್ಚು ಎತ್ತಿದರೆ ಕೆರೆಯುತ್ತದೆ, ತೀರ ಮಲಗಿಸಿದರೆ ಎಳೆಯುತ್ತದೆ. ಇನ್ನೊಂದು ಕೈ ಚರ್ಮವನ್ನು ಬಿಗಿ ಹಿಡಿದಿರಬೇಕು. ಮೊದಲ ಸಲ ಕೂದಲು ಒರಗಿದ ದಿಕ್ಕಿಗೆ, ಬೇಕೆನಿಸಿದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಎದುರು ಎಳೆದರೆ ಕೂದಲು ಚರ್ಮದೊಳಕ್ಕೇ ಬೆಳೆದು ಗುಳ್ಳೆ ಏಳುವುದುಂಟು. ಕೈ ಒತ್ತಲೇಬಾರದು. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಅಲಗನ್ನು ಹೇಗೆ ಮೊಂಡು ಮಾಡುತ್ತದೆ ಎಂಬುದಕ್ಕೆ 2020ರಲ್ಲಿ ಅಮೆರಿಕದ ಎಂ.ಐ.ಟಿ. ಸಂಶೋಧಕರು ಉತ್ತರ ಕಂಡರು: ಕೂದಲು ಬಾಗಿ ಅಲಗಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ರಚನೆ ಒಂದೇ ಸಮ ಇರದ ಜಾಗದಲ್ಲಿ ಸಣ್ಣ ಚಕ್ಕೆ ಏಳುತ್ತದೆ. ಹಂಟ್ಸ್‌ಮನ್ ಹೆಣಗಾಡಿದ್ದೂ ಇದೇ ಏಕರೂಪತೆಗಾಗಿ.

1960ರ ದಶಕದಲ್ಲಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬ್ಲೇಡ್ ಬಂತು, 1971ರಲ್ಲಿ ಎರಡು ಅಲಗಿನ ಕಾರ್ಟ್ರಿಡ್ಜ್. ಪಶ್ಚಿಮದ ಮನೆಗಳಲ್ಲಿ ಹಳೆಯ ರೇಜರ್ ಮೂಲೆ ಸೇರಿತು. ಭಾರತದಲ್ಲಿ ಹಾಗಾಗಲಿಲ್ಲ. ಎರಡು ಬಾಯಿಯ ಬ್ಲೇಡ್ ಇಲ್ಲಿ ಬೀದಿ ಅಂಗಡಿಯ ಸರಕಾಗಿಯೇ ಉಳಿಯಿತು. ಸಲೂನಿನಲ್ಲಿ ಬದಲಾವಣೆ ತಂದದ್ದು ಎಚ್‌ಐವಿ ಭಯ. ಒಂದೇ ಕತ್ತಿಯನ್ನು ಹತ್ತು ಗಿರಾಕಿಗೆ ಬಳಸುವುದು ನಿಂತು, ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮಡಚಿ ಲಟಕ್ಕನೆ ಎರಡಾಗಿ ಮುರಿದು, ಅರ್ಧವನ್ನು ಮಡಚುವ ಹಿಡಿಯೊಳಗೆ ಸಿಕ್ಕಿಸುವ ಪದ್ಧತಿ ಬಂತು. ಒಬ್ಬರಿಗೆ ಒಂದು ಅರ್ಧ. ಹಿಡಿಯ ಆಕಾರ, ಬೆರಳಿಡುವ ಬಗೆ, ಕೆನ್ನೆಯ ಮೇಲಿನ ಓರೆ ಎಲ್ಲ ಹಡಪದ ಕತ್ತಿಯದೇ. ಸಾಣೆಕಲ್ಲೂ ಚರ್ಮದ ಪಟ್ಟಿಯೂ ಮಾತ್ರ ಗೋಡೆಯಿಂದ ಇಳಿದು ಹೋಗಿವೆ.