ಮಗ್ಗ ಉಳಿಯಿತು, ಮನೆ ಹೋಯಿತು: ಡಂಗುರದಿಂದ ಇ-ಹರಾಜಿನವರೆಗೆ

ಕನ್ನಡ ಪೇಪರಿನಲ್ಲಿ ಬ್ಯಾಂಕಿನವರು ಹಾಕುವ "ಸ್ವಾಧೀನತಾ ನೋಟೀಸು" ನೀವೂ ನೋಡಿರುತ್ತೀರಿ. ಇರುವೆ ಸಾಲಿನಂಥ ಅಕ್ಷರ, ಸಾಲಗಾರನ ಹೆಸರು, ಮನೆಯ ಚಕ್ಕುಬಂದಿ. ನಾವು ಪುಟ ತಿರುವಿಬಿಡುತ್ತೇವೆ. ಆದರೆ ಅದನ್ನು ದಿನಾ ಬಿಡದೆ ಓದುವ ಒಬ್ಬನಿದ್ದಾನೆ, ಮನೆ ಮಾರಿಸುವ ಏಜೆಂಟ್. "ಬ್ಯಾಂಕ್ ಹರಾಜಿಗೆ ಬಂದ ಮನೆ ಇದೆ, ಸೋವಿಯಲ್ಲಿ ಸಿಗುತ್ತದೆ" ಎಂದು ಗಿರಾಕಿಗೆ ಸುದ್ದಿ ಮುಟ್ಟಿಸುವವನು ಅವನೇ. ಈ ಸುದ್ದಿಗೆ ಒಂದು ಇತಿಹಾಸ ಇದೆ. ನಮ್ಮ ಕಮತಗಿಯಂಥ ಊರಲ್ಲಿ ನಿಂತು ನೋಡಿದರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕಮತಗಿ ನೇಕಾರರ ಊರು. ಸೀರೆಗೆ ಇಳಕಲ್ಲಿನ ಹೆಸರು, ನೇಯುವ ಕೈಗಳು ಸುತ್ತಲ ಊರುಗಳಲ್ಲೂ ಇವೆ. ನೇಕಾರನಿಗೆ ಮನೆ ಅಂದರೆ ಬರೀ ಮಲಗುವ ಜಾಗ ಅಲ್ಲ. ಕುಣಿ ಮಗ್ಗ ಇರುವುದು ನೆಲದಲ್ಲೇ, ಕುಣಿ ತೋಡಿ ಕೂಡಿಸಿದ್ದು. ಮನೆ ಬಿಟ್ಟರೆ ಮಗ್ಗವನ್ನೂ ಕಿತ್ತ ಹಾಗೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬ್ರಿಟಿಷರ ಕಾಲದಲ್ಲಿ ನಮ್ಮದು ಮುಂಬೈ ಪ್ರಾಂತ್ಯ. ಮೊದಲು ಕಲಾದಗಿ ಜಿಲ್ಲೆ, 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋಯಿತು. ಸಾವಕಾರನ ಹತ್ತಿರ ಗಹಾಣ ಇಟ್ಟ ಮನೆ ಕೈಬಿಡುವುದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿ ಎರಡು ಮುಖ್ಯ ದಾರಿಗಳಿದ್ದವು. ಒಂದು, ಕೋರ್ಟ್ ಡಿಕ್ರಿ ಕೊಟ್ಟು ಲಿಲಾವಿನಲ್ಲಿ ಮಾರುವುದು. ಇನ್ನೊಂದು, "ಇಂತಿಷ್ಟು ದಿನದಲ್ಲಿ ಹಣ ಕೊಡದಿದ್ದರೆ ಖರೀದಿ ಕಾಯಂ" ಎಂಬ ಷರತ್ತಿನ ಗಹಾಣ. ಇದರಲ್ಲಿ ಬಿಡಿಸಿಕೊಳ್ಳುವ ಹಕ್ಕನ್ನೇ ಕೋರ್ಟ್ ಮುಚ್ಚಿಹಾಕಬಹುದು. ಅಮೆರಿಕದವರು ಫೋರ್‌ಕ್ಲೋಶರ್ ಅನ್ನುವುದರ ಮೂಲ ಅರ್ಥ ಇದೇ.

ಲಿಲಾವಿನ ಸುದ್ದಿ ಊರಿಗೆ ತಿಳಿಯುತ್ತಿದ್ದದ್ದು ಡಂಗುರದಿಂದ. ಇದು ಬರೀ ರೂಢಿ ಅಲ್ಲ. ಜಪ್ತಿಯನ್ನು ಆಸ್ತಿಯ ಮೇಲೋ ಪಕ್ಕದಲ್ಲೋ ಡಂಗುರ ಹೊಡೆಸಿ ಸಾರಬೇಕು, ಪ್ರತಿಯನ್ನು ಮನೆಗೂ ಕೋರ್ಟಿಗೂ ಅಂಟಿಸಬೇಕು ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದಿದೆ. ಡಿಕ್ರಿ ಪಡೆದ ಸಾವಕಾರ ಕೋರ್ಟಿನ ಅಪ್ಪಣೆ ಇಲ್ಲದೆ ತಾನೇ ಸವಾಲು ಕೂಗುವಂತಿಲ್ಲ ಎಂಬ ನಿಯಮವೂ ಅದರಲ್ಲಿದೆ. ಯಾಕೆ ಬಂತು ಅಂತ ಬಿಡಿಸಿ ಹೇಳಬೇಕೇ? ಮನೆ ಲಿಲಾವಿಗೆ ಬರುತ್ತದೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನಿಗೇ ಅಲ್ಲವೇ!

1875ರಲ್ಲಿ ಪುಣೆ, ಅಹಮದನಗರದ ಕಡೆ ರೈತರು ಸಾವಕಾರರ ಮೇಲೆ ದಂಗೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಮರುವರ್ಷವೇ ದೊಡ್ಡ ಬರ ಶುರುವಾಯಿತು. ಅದರಲ್ಲಿ ನಮ್ಮ ಕಲಾದಗಿ ಜಿಲ್ಲೆಯೂ ನುಚ್ಚುನೂರಾಯಿತು. 1879ರಲ್ಲಿ ಡೆಕ್ಕನ್ ರೈತರ ಪರಿಹಾರ ಕಾಯಿದೆ ಬಂತು. 1905ರಲ್ಲಿ ಅದರ ಮುಖ್ಯ ಕಲಮುಗಳು ಇಡೀ ಪ್ರಾಂತ್ಯಕ್ಕೆ ಹರಡಿದವು. ಪತ್ರದಲ್ಲಿ ಏನೇ ಬರೆದಿರಲಿ, ಹಿಂದಿನ ಲೆಕ್ಕವನ್ನೆಲ್ಲ ಕೆದಕಿ ನೋಡುವ ಅಧಿಕಾರ ಕೋರ್ಟಿಗೆ ಸಿಕ್ಕಿತು. ಒಳ್ಳೆಯದೇ. ಆದರೆ ಅದು ರೈತನಿಗೆ. ನೇಕಾರ ರೈತನಲ್ಲ!

1908ರ ಸಂಹಿತೆಯ 60ನೇ ಕಲಮೂ ಹಾಗೇ. ರೈತ ತಾನಿರುವ ಮನೆಯನ್ನು ಜಪ್ತಿ ಮಾಡುವಂತಿಲ್ಲ ಅಂದಿತು. ಕುಶಲಕರ್ಮಿಗೆ ಅವನ ಸಲಕರಣೆಗಳನ್ನು ಬಿಟ್ಟುಕೊಟ್ಟಿತು, ಮನೆಯನ್ನಲ್ಲ. ಅಂದರೆ ಮಗ್ಗ ಉಳಿಯಿತು, ಮಗ್ಗದ ಕುಣಿ ಇರುವ ಮನೆ ಲಿಲಾವಿಗೆ ಹೋಗಬಹುದು. ಕಾಯಿದೆ ಬರೆದವರು ಕುಣಿ ಮಗ್ಗ ನೋಡಿರಲಿಕ್ಕಿಲ್ಲ ಅಂತ ನನ್ನ ಗುಮಾನಿ. 1976ರಲ್ಲಿ ಆ ಕಲಮಿಗೆ ಕೂಲಿಗಾರನ ಮನೆ, ಮನೆಗೆಲಸದವನ ಮನೆ ಸೇರಿದವು. ಇನ್ನು ತಾನಾಗಿ ಗಹಾಣ ಇಟ್ಟ ಮನೆಗಂತೂ ಈ ರಕ್ಷಣೆ ಅಡ್ಡ ಬರುವುದಿಲ್ಲ.

ಸಾವಕಾರನಿಗೆ ಬದಲಿ ಬೇಕು ಅಂತಲೇ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಉತ್ತರ ಕರ್ನಾಟಕದ ಊರೂರಿಗೆ ಸಹಕಾರಿ ಬ್ಯಾಂಕುಗಳು ಬಂದವು. ಸಾಲ ಸುಲಭವಾಯಿತು, ವಸೂಲಿ ಮಾತ್ರ ಕೋರ್ಟಿನಲ್ಲಿ ವರ್ಷಗಟ್ಟಲೆ. 1993ರಲ್ಲಿ ಸಾಲ ವಸೂಲಿ ನ್ಯಾಯಮಂಡಳಿಗಳ ಕಾಯಿದೆ ಬಂತು. 2002ರಲ್ಲಿ ಸರ್ಫೇಸಿ ಕಾಯಿದೆ ಬಂದು, ಬ್ಯಾಂಕು ಕೋರ್ಟಿಗೆ ಹೋಗದೆಯೇ ಮನೆ ವಶಕ್ಕೆ ತೆಗೆದುಕೊಂಡು ಮಾರಬಹುದು ಅಂತಾಯಿತು. 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ತಕರಾರು ಹಾಕಲು ಮೊದಲು ಬಾಕಿಯ ಶೇ. 75 ಕಟ್ಟಬೇಕು ಎಂಬುದನ್ನು ರದ್ದು ಮಾಡಿತು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ ಎಂದು 2020ರಲ್ಲಿ ಅದೇ ಕೋರ್ಟ್ ಹೇಳಿತು. ಸಾವಕಾರನಿಂದ ಬಿಡಿಸಲು ಬಂದ ಸಹಕಾರವೂ ಕೊನೆಗೆ ಹರಾಜಿನ ಕಟ್ಟೆ ಹತ್ತಿತು ನೋಡಿ.

ಈಗಿನ ಕ್ರಮ ಹೀಗಿದೆ. ಕಂತು 90 ದಿನ ದಾಟಿ ಬಾಕಿ ಉಳಿದರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತದೆ. ಆಮೇಲೆ 60 ದಿನದ ನೋಟೀಸು. ಆಗಲೂ ಕಟ್ಟದಿದ್ದರೆ ಸ್ವಾಧೀನ, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ನಂತರ ಮಾರಾಟದ ನೋಟೀಸು, ಇ-ಹರಾಜು. ಸರ್ಕಾರಿ ಬ್ಯಾಂಕುಗಳ ಹರಾಜಿನ ಮನೆಗಳು 2025ರ ಜನವರಿಯಿಂದ ಬ್ಯಾಂಕ್‌ನೆಟ್ ಎಂಬ ಒಂದೇ ತಾಣದಲ್ಲಿ ಸಿಗುತ್ತವೆ. ಹರಾಜು ಗೆದ್ದವನು ಅಂದೇ ಅಥವಾ ಮರುದಿನ ಶೇ. 25 ತುಂಬಬೇಕು, ಉಳಿದದ್ದನ್ನು ಸಾಮಾನ್ಯವಾಗಿ 15 ದಿನದೊಳಗೆ.

ಹಾಗಾದರೆ ಏಜೆಂಟ್ ಯಾಕೆ? ಡಂಗುರ ಮನೆ ಬಾಗಿಲಿಗೆ ಬರುತ್ತಿತ್ತು, ಇ-ಹರಾಜನ್ನು ನಾವೇ ಹುಡುಕಿಕೊಂಡು ಹೋಗಬೇಕು. ಒಳ್ಳೆಯ ಏಜೆಂಟ್ ಬರೀ ಸುದ್ದಿ ಹೇಳಿ ಕೈಬಿಡುವುದಿಲ್ಲ. ಪಟ್ಟಣ ಪಂಚಾಯಿತಿಯ ಉತಾರ ತೆಗೆಸುತ್ತಾನೆ, ಋಣಭಾರ ಪತ್ರ ನೋಡುತ್ತಾನೆ, ಒಳಗೆ ಬಾಡಿಗೆದಾರ ಇದ್ದಾನೋ, ಅಣ್ಣತಮ್ಮಂದಿರ ಪಾಲಿನ ದಾವೆ ಇದೆಯೋ ಓಣಿಯಲ್ಲಿ ವಿಚಾರಿಸುತ್ತಾನೆ. ಯಾಕೆಂದರೆ ಬ್ಯಾಂಕು ಮಾರುವುದು "ಇದ್ದಲ್ಲಿ ಇದ್ದಂತೆ". ಹಾಗೆ ಕೊಂಡ ಆಸ್ತಿಯ ಹಳೆಯ ಕರೆಂಟ್ ಬಾಕಿಯೂ ಕೊಂಡವನ ತಲೆಗೆ ಬರಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೆ ಏಜೆಂಟನ ಮೇಲೆ ಕಣ್ಣಿಡುವವರು ಯಾರು? 2016ರ ರೇರಾ ಕಾಯಿದೆಯಲ್ಲಿ ಏಜೆಂಟರ ನೋಂದಣಿ ಇದೆ, ಆದರೆ ಅದು ನೋಂದಾಯಿತ ಹೊಸ ಯೋಜನೆಗಳ ಮಾರಾಟಕ್ಕೆ. ಕಮತಗಿಯ ಹಳೇ ಮನೆ ಮಾರಿಸುವವನಿಗೆ ಆ ಲಗಾಮಿಲ್ಲ.

ನನಗೆ ಮುಖ್ಯ ಅನ್ನಿಸುವುದು ಆ 60 ದಿನ. ಆ ಗಡುವಿನಲ್ಲಿ ಬ್ಯಾಂಕಿನ ಒಪ್ಪಿಗೆ ಪಡೆದು ಮಾಲೀಕನೇ ಮನೆ ಮಾರಬಹುದು, ಸಾಲ ತೀರಿಸಿ ಉಳಿದದ್ದನ್ನು ಕೈಲಿಟ್ಟುಕೊಳ್ಳಬಹುದು. ಹರಾಜಿಗಿಂತ ಬೆಲೆಯೂ ಹೆಚ್ಚು ಬರುವ ಸಾಧ್ಯತೆ ಇದೆ. ತಡ ಮಾಡುವಂತಿಲ್ಲ. 2016ರ ತಿದ್ದುಪಡಿಯ ನಂತರ ಬಾಕಿ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟೀಸು ಪ್ರಕಟವಾಗುವವರೆಗೆ ಮಾತ್ರ. 2023ರ ಬಫ್ನಾ ಮೋಟರ್ಸ್ ತೀರ್ಪು ಇದನ್ನು ಖಡಾಖಂಡಿತವಾಗಿ ಹೇಳಿತು. ಏಜೆಂಟ್ ನಿಜವಾಗಿ ಉಪಕಾರಿಯಾಗುವುದು ಈ ಹೊತ್ತಿನಲ್ಲಿ, ಕೊಳ್ಳುವವನಿಗೂ, ಕಳೆದುಕೊಳ್ಳುವವನಿಗೂ. ಆದರೆ ನೇಕಾರನಿಗೆ ನೋಟೀಸು ಬಂದದ್ದು ಓಣಿಗೆ ತಿಳಿಯಬಾರದು ಎಂಬ ಮರ್ಯಾದೆಯ ಅಂಜಿಕೆ. ಪತ್ರ ಗೂಡಿನಲ್ಲಿ ಮಡಚಿ ಕೂತಿರುತ್ತದೆ, ದಿನಗಳು ಹೋಗುತ್ತವೆ.

ಡಂಗುರ ಹೋದರೂ ಅದರ ಅಂಜಿಕೆ ಹೋಗಿಲ್ಲ ಅಂತ ನನಗನ್ನಿಸುತ್ತದೆ. ನಿಮ್ಮ ಕಡೆ ಲಿಲಾವಿಗೆ ಏನನ್ನುತ್ತಾರೆ? ಹಳೆಯ ಗಹಾಣ ಪತ್ರ ಯಾರ ಮನೆಯಲ್ಲಾದರೂ ಇದ್ದರೆ ಒಮ್ಮೆ ಬಿಡಿಸಿ ಓದಿ, ಓದಿದ್ದನ್ನು ಬರೆಯಿರಿ.