ಎಯುಡಿಎಫ್‌ಎಸ್01

ಎಯುಡಿಎಫ್‌ಎಸ್01 ಎಂಬುದು ಅಯಾನೀಕರಿಸುವ ನೇರಳಾತೀತ ವಿಕಿರಣವನ್ನು ಹೊರಕ್ಕೆ ಸೋರಿಸುತ್ತಿರುವ ಒಂದು ದೂರದ ಗೆಲಾಕ್ಸಿ. ಈ ಸೋರಿಕೆಯನ್ನು ಪತ್ತೆಮಾಡಿದ್ದು ಭಾರತದ ಖಗೋಳ ವೀಕ್ಷಣಾ ಉಪಗ್ರಹವಾದ ಆಸ್ಟ್ರೋಸ್ಯಾಟ್. ಗೆಲಾಕ್ಸಿಯ ಬೆಳಕು ನಮ್ಮನ್ನು ತಲುಪಲು ಸುಮಾರು 930 ಕೋಟಿ ವರ್ಷಗಳು ಹಿಡಿದಿವೆ. ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಹಾ ನೇತೃತ್ವದ ಅಂತರರಾಷ್ಟ್ರೀಯ ತಂಡವು ಈ ಶೋಧವನ್ನು 2020ರ ಆಗಸ್ಟ್‌ನಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಪ್ರಕಟಿಸಿತು.

ಹಿನ್ನೆಲೆ

ಮಹಾಸ್ಫೋಟದ ಸುಮಾರು 3.8 ಲಕ್ಷ ವರ್ಷಗಳ ನಂತರ ವಿಶ್ವವು ತಣಿದು, ಪ್ರೋಟಾನು ಮತ್ತು ಎಲೆಕ್ಟ್ರಾನುಗಳು ಸೇರಿ ತಟಸ್ಥ ಜಲಜನಕವಾಯಿತು. ಇಂದು ಗೆಲಾಕ್ಸಿಗಳ ನಡುವೆ ಇರುವ ಜಲಜನಕವಾದರೋ ಬಹುತೇಕ ಅಯಾನೀಕೃತವಾಗಿದೆ. ಮಹಾಸ್ಫೋಟದಿಂದ ಸುಮಾರು 100 ಕೋಟಿ ವರ್ಷಗಳೊಳಗೆ ನಡೆದುಹೋದ ಈ ಬದಲಾವಣೆಯನ್ನು ಮರು ಅಯಾನೀಕರಣ ಎನ್ನುತ್ತಾರೆ. ಜಲಜನಕದ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ, ಅಂದರೆ 91.2 ನ್ಯಾನೋಮೀಟರ್ ಅಥವಾ ಅದಕ್ಕಿಂತ ಕಿರಿದಾದ ತರಂಗಾಂತರದ ಬೆಳಕು ಬೇಕು. ಬಿಸಿಯಾದ ಎಳೆಯ ನಕ್ಷತ್ರಗಳು ಇಂತಹ ಬೆಳಕನ್ನು ಹೇರಳವಾಗಿ ಸೂಸುತ್ತವೆ. ಆದರೆ ಅದರ ಬಹುಪಾಲನ್ನು ಆಯಾ ಗೆಲಾಕ್ಸಿಯ ಅನಿಲವೇ ಹೀರಿಕೊಳ್ಳುತ್ತದೆ. ಹೀಗಿರುವಾಗ ಎಷ್ಟು ಬೆಳಕು ಹೊರಬೀಳುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಆ ಕಾಲದ ಗೆಲಾಕ್ಸಿಗಳಲ್ಲಿ ಇದನ್ನು ನೇರವಾಗಿ ಅಳೆಯಲಾಗದು. ಸೋರಿದ ಬೆಳಕನ್ನು ದಾರಿಯಲ್ಲಿರುವ ತಟಸ್ಥ ಜಲಜನಕವು ತಡೆದುಬಿಡುತ್ತದೆ. ಆದ್ದರಿಂದ ಅವುಗಳನ್ನು ಹೋಲುವ, ನಂತರದ ಕಾಲದ ಗೆಲಾಕ್ಸಿಗಳನ್ನು ಹುಡುಕುವುದು ಅನಿವಾರ್ಯ. ಎಯುಡಿಎಫ್‌ಎಸ್01 ಅಂಥದ್ದೊಂದು. ಕೆಲವೊಮ್ಮೆ ಬರೆಯುವಂತೆ ಇದು ವಿಶ್ವದ ಮೊದಲ ಗೆಲಾಕ್ಸಿಗಳ ಸಾಲಿಗೆ ಸೇರಿದ್ದಲ್ಲ. ನಾವು ಕಾಣುತ್ತಿರುವ ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 450 ಕೋಟಿ ವರ್ಷ ವಯಸ್ಸಾಗಿತ್ತು.

ವೀಕ್ಷಣೆ

ಶ್ರೀಹರಿಕೋಟಾದಿಂದ 2015ರ ಸೆಪ್ಟೆಂಬರ್ 28ರಂದು ಉಡಾಯಿಸಲಾದ ಆಸ್ಟ್ರೋಸ್ಯಾಟ್‌ನಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಐಯುಕಾ, ಇಸ್ರೋ, ಟಿಐಎಫ್‌ಆರ್ ಮತ್ತು ಕೆನಡಾದ ಬಾಹ್ಯಾಕಾಶ ಸಂಸ್ಥೆಗಳ ಸಹಯೋಗದಲ್ಲಿ ಇದನ್ನು ರೂಪಿಸಿತು. ಜೋಡಣೆ ನಡೆದದ್ದು ಹೊಸಕೋಟೆಯ ಆವರಣದಲ್ಲಿ. 2016ರ ಅಕ್ಟೋಬರ್‌ನಲ್ಲಿ ಇದು ಹಬಲ್‌ನ ಅತ್ಯಾಳ ಚಿತ್ರಗಳಿಂದ ಪ್ರಸಿದ್ಧವಾದ, ಫಾರ್ನಾಕ್ಸ್ ತಾರಾಮಂಡಲದ ಗಗನಭಾಗವನ್ನು 28 ಗಂಟೆಗೂ ಹೆಚ್ಚು ಕಾಲ ವೀಕ್ಷಿಸಿತು. ಗೆಲಾಕ್ಸಿಯ ಕೆಂಪು ಪಲ್ಲಟ 1.42. ಅಂದರೆ ಅಲ್ಲಿಂದ ಸುಮಾರು 60 ನ್ಯಾನೋಮೀಟರ್ ತರಂಗಾಂತರದಲ್ಲಿ ಹೊರಟ ಬೆಳಕು, ವಿಶ್ವದ ವಿಸ್ತರಣೆಯಿಂದ 2.42 ಪಟ್ಟು ಹಿಗ್ಗಿ, ಯುವಿಐಟಿಯ ವ್ಯಾಪ್ತಿಯೊಳಗೆ ಬಂದು ಬೀಳುತ್ತದೆ.

ಹಬಲ್‌ನ ಕನ್ನಡಿಯ ವ್ಯಾಸ 2.4 ಮೀಟರ್, ಯುವಿಐಟಿಯದು ಕೇವಲ 37.5 ಸೆಂಟಿಮೀಟರ್. ಆದರೂ ಹಬಲ್‌ಗೆ ದಕ್ಕದ್ದು ಇದಕ್ಕೆ ದಕ್ಕಿತು. ಒಂದೊಂದೇ ಫೋಟಾನನ್ನು ಎಣಿಸುವ ಯುವಿಐಟಿ ಪತ್ತೆಕಾರಕದಲ್ಲಿ ಹಿನ್ನೆಲೆ ಗದ್ದಲ ಬಹಳ ಕಡಿಮೆ ಇರುವುದೇ ಇದಕ್ಕೆ ಕಾರಣ. ಬಂದ ಸಂಕೇತವು ನಿಜಕ್ಕೂ ಇದೇ ಗೆಲಾಕ್ಸಿಯದೆಂದು ಖಚಿತಪಡಿಸಿಕೊಳ್ಳಲು ಸುಮಾರು ಎರಡು ವರ್ಷಗಳ ವಿಶ್ಲೇಷಣೆ ಬೇಕಾಯಿತು. ಇಷ್ಟು ದೂರದ ವೀಕ್ಷಣೆಯಲ್ಲಿ, ಅದೇ ದಿಕ್ಕಿನಲ್ಲಿ ನಡುವೆ ಬರುವ ಹತ್ತಿರದ ಮಸುಕಾದ ಆಕಾಶಕಾಯವೊಂದು ಸುಲಭವಾಗಿ ದಾರಿತಪ್ಪಿಸಬಲ್ಲದು.

ಫಲಿತಾಂಶ

ಇದು ಗಂಟುಗಂಟಾದ ಆಕಾರದ, ಕಡಿಮೆ ದ್ರವ್ಯರಾಶಿಯ ಗೆಲಾಕ್ಸಿ. ಅದರಲ್ಲಿ ಉತ್ಪತ್ತಿಯಾದ ಅಯಾನೀಕರಿಸುವ ಬೆಳಕಿನ ಶೇ. 20ಕ್ಕೂ ಹೆಚ್ಚು ಭಾಗ ಹೊರಬೀಳುತ್ತಿದೆ ಎಂದು ತಂಡ ಅಂದಾಜಿಸಿದೆ. ಈ ಹಿಂದಿನ ಪತ್ತೆಗಳು ಬಹುತೇಕ 0.4ಕ್ಕಿಂತ ಕಡಿಮೆ ಅಥವಾ 3ರ ಆಸುಪಾಸಿನ ಕೆಂಪು ಪಲ್ಲಟದವು; ನಡುವಣ ಅವಧಿಯಲ್ಲಿ ಹಬಲ್ ನಡೆಸಿದ ಹುಡುಕಾಟಗಳು ಫಲ ಕೊಟ್ಟಿರಲಿಲ್ಲ. ಮರು ಅಯಾನೀಕರಣಕ್ಕೆ ಇಂತಹ ಸಣ್ಣ ಗೆಲಾಕ್ಸಿಗಳೇ ಮುಖ್ಯ ಕಾರಣವೆಂದು ಒಂದು ಉದಾಹರಣೆಯಿಂದ ತೀರ್ಮಾನಿಸಲಾಗದು. ಅದಕ್ಕೆ ಇದೇ ಬಗೆಯ ಇನ್ನೂ ಅನೇಕ ಗೆಲಾಕ್ಸಿಗಳ ಅಳತೆ ಅಗತ್ಯ.