ಬೇಡಿಕೆ: ಬೇಡಿದ್ದೆಷ್ಟು, ಬೇಕಾದದ್ದೆಷ್ಟು

ತುಮಕೂರಿನ ಎಪಿಎಂಸಿ ಯಾರ್ಡಿನಲ್ಲಿ ‘ಬೇಡಿಕೆ’ ಎಂಬ ಮಾತು ಕಿವಿಗೆ ಬೀಳುವುದು ಅಪರೂಪ. ಹುಣಸೆಹಣ್ಣು ತಂದ ರೈತ ‘ಕೇಳೋರಿಲ್ಲ’ ಅನ್ನುತ್ತಾನೆ. ಮಂಡಿಯವರು ‘ಡಿಮ್ಯಾಂಡ್ ಐತೆ’ ಅಥವಾ ‘ಡಿಮ್ಯಾಂಡ್ ಬಿದ್ದೋಯ್ತು’ ಅನ್ನುತ್ತಾರೆ. ಗುಬ್ಬಿಯ ಕಿರಾಣಿ ಅಂಗಡಿಯಲ್ಲಿ ಕೇಳಿದರೆ ‘ಮಾಲು ಖರ್ಚಾಗ್ತಿದೆ’ ಅಥವಾ ‘ಕದಲ್ತಾನೇ ಇಲ್ಲ’ ಎಂದು ಉತ್ತರ ಬರುತ್ತದೆ. ‘ಬೇಡಿಕೆ’ ಇರುವುದು ಪತ್ರಿಕೆಯಲ್ಲಿ, ಪಠ್ಯಪುಸ್ತಕದಲ್ಲಿ, ಕಚೇರಿಯ ಕಡತದಲ್ಲಿ. ಕೇಳುವುದು, ಕೊಳ್ಳುವುದು, ಖರ್ಚಾಗುವುದು ಎಂದು ಬಾಯಿಮಾತು ಬೇರೆ ಬೇರೆಯಾಗಿ ಹೇಳುವುದನ್ನೆಲ್ಲ ಬರಹದ ಕನ್ನಡ ಈ ಒಂದೇ ಪದಕ್ಕೆ ಹೊರಿಸಿದೆ. ಗೊಬ್ಬರದ ಅಂಗಡಿಯ ಮುಂದೆ ಸಾಲು ಬೆಳೆಯುವುದಕ್ಕೂ ಅದೇ ಗೊಬ್ಬರ ಇನ್ನೆಲ್ಲೋ ಗೋದಾಮಿನಲ್ಲಿ ಗಟ್ಟಿ ಕಟ್ಟುವುದಕ್ಕೂ ಒಂದು ಕಾರಣ ಆ ಹೊರೆಯೊಳಗೇ ಇದೆ ಎಂದು ನನಗೆ ಅನ್ನಿಸುತ್ತದೆ.

ಪದದ ಬೇರು ‘ಬೇಡು’. ತಮಿಳಿನ ‘ವೇಂಡು’, ತೆಲುಗಿನ ‘ವೇಡು’ ಇದರ ಒಡಹುಟ್ಟುಗಳು. ದ್ರಾವಿಡ ಭಾಷೆಗಳ ಆ ಹಳೆಯ ಕುಟುಂಬದಲ್ಲಿ ಬಯಸುವುದು ಮತ್ತು ಕೇಳುವುದು ಒಟ್ಟಿಗೇ ಬೆಳೆದವು. ನಾವು ದಿನಕ್ಕೆ ನೂರು ಸಲ ಆಡುವ ‘ಬೇಕು’ ಹಳಗನ್ನಡದಲ್ಲಿ ‘ಬೇೞ್ಕುಂ’ ಆಗಿತ್ತು. ಪಂಪನ ಕಾಲದ ಕನ್ನಡದಲ್ಲಿ ಪ್ರಣಯಕ್ಕಿದ್ದ ‘ಬೇಟ’ ಎಂಬ ಹೆಸರೂ ಈ ಬಯಕೆಯ ಬಳಗದ್ದೇ. ನನಗೆ ಹೆಚ್ಚು ಹಿಡಿಸುವುದು ‘ಬೇಡ’. ತಮಿಳರ ‘ವೇಂಡಾಂ’ ಹೇಗೋ ಹಾಗೆ ಇದು ‘ಬೇಡು’ವಿನ ನಿಷೇಧರೂಪ. ಹಾಗಾಗಿ ‘ಬೇಡಿಕೆ’ಯೂ ‘ಬೇಡ’ವೂ ಒಂದೇ ತಾಯಿಯ ಮಕ್ಕಳು. ವ್ಯಾಪಾರದಲ್ಲಿ ಮೊದಲನೆಯದು ಗಟ್ಟಿಯಾಗಿ ಕೂಗಿ ಮುಂದೆ ಹೋಗುತ್ತದೆ, ಎರಡನೆಯದು ಬಹಳ ತಡವಾಗಿ ಹೊರಡುತ್ತದೆ.

ಬೇಡುವವನು ಕೆಳಗೆ, ಕೊಡುವವನು ಮೇಲೆ: ಹಳೆಯ ಬಳಕೆಯಲ್ಲಿ ಇದರಲ್ಲಿ ಸಂಶಯವಿರಲಿಲ್ಲ. ದೇವರನ್ನು ಬೇಡಿದರು, ಅರಸನನ್ನು ಬೇಡಿದರು, ಭಿಕ್ಷೆ ಬೇಡಿದರು. ಪದ ಬುಡಮೇಲಾದದ್ದು ಕಂದಾಯದ ಕಚೇರಿಯಲ್ಲಿ. 1863ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಆರಂಭವಾಗಿ, ಹೊಲ ಹೊಲಕ್ಕೂ ಇಷ್ಟು ಎಂದು ಕಂದಾಯ ಗೊತ್ತುಪಡಿಸುವ ಕ್ರಮ ಬಂತು. ಇಂಗ್ಲಿಷ್ ಆಡಳಿತ ಆ ಮೊತ್ತವನ್ನು ಕರೆದದ್ದು ಡಿಮ್ಯಾಂಡ್ ಎಂದು. ಲ್ಯಾಟಿನ್ನಿನಲ್ಲಿ ಒಬ್ಬರಿಗೆ ಕೆಲಸ ವಹಿಸುವುದಾಗಿದ್ದ ಆ ಪದ ಫ್ರೆಂಚಿನಲ್ಲಿ ಬರೀ ಕೇಳುವುದಾಯಿತು, ಇಂಗ್ಲಿಷಿಗೆ ಬಂದು ಹಕ್ಕಿನಿಂದ ಕೇಳುವುದಾಯಿತು. ಕನ್ನಡದ ಕಡತ ಅದನ್ನು ‘ಬೇಡಿಕೆ’ ಎಂದಿತು. ಇವತ್ತಿಗೂ ಕುಣಿಗಲ್ ತಾಲೂಕಿನ ಯಾವ ಗ್ರಾಮ ಪಂಚಾಯಿತಿಗೆ ಹೋದರೂ ತೆರಿಗೆಯ ವಹಿಯಲ್ಲಿ ಮೂರು ಅಂಕಣಗಳಿವೆ: ಬೇಡಿಕೆ, ವಸೂಲಿ, ಬಾಕಿ. ಇಲ್ಲಿ ‘ಬೇಡುವುದು’ ಸರ್ಕಾರ, ಕೊಡಲೇಬೇಕಾದವನು ರೈತ. ಕಾರ್ಮಿಕ ಸಂಘಗಳು, ರೈತ ಸಂಘಗಳು ಅದೇ ಪದವನ್ನು ಕಸಿದುಕೊಂಡು ಸರ್ಕಾರದ ಎದುರಿಗೇ ಹಿಡಿದವು. ಜಿಲ್ಲಾಧಿಕಾರಿ ಕಚೇರಿಯ ಮುಂದೆ ‘ನಮ್ಮ ಬೇಡಿಕೆ ಈಡೇರಲಿ’ ಎಂದು ಕೂಗುವವರ ದನಿಯಲ್ಲಿ ಈಗ ದೈನ್ಯವಿಲ್ಲ.

ಮನವಿ ಪತ್ರ ಬರೆದವರಿಗೆಲ್ಲ ಒಂದು ಗುಟ್ಟು ಗೊತ್ತು. ಹತ್ತು ಕೇಳಿದರೆ ನಾಲ್ಕು ಸಿಗುತ್ತದೆ, ಆದ್ದರಿಂದ ನಾಲ್ಕು ಬೇಕಾದವರು ಹತ್ತು ಬರೆಯಬೇಕು. ಹೋರಾಟದಲ್ಲಿ ಇದು ಎರಡೂ ಕಡೆಯವರು ಒಪ್ಪಿಕೊಂಡ ಜಾಣತನ. ಇದೇ ಅಭ್ಯಾಸ ಸರಕಿನ ಪಟ್ಟಿಗೆ ಬಂದಾಗ ಆಗುವ ಹಾನಿ ಸಣ್ಣದಲ್ಲ.

ಸರಕಿನ ಪಟ್ಟಿಗೆ ನಮ್ಮ ಕಚೇರಿಗಳಲ್ಲಿ ‘ಇಂಡೆಂಟ್’ ಎನ್ನುತ್ತಾರೆ. ಹಳ್ಳಿಯ ಸೊಸೈಟಿ ಗೊಬ್ಬರಕ್ಕೆ ಇಂಡೆಂಟ್ ಹಾಕುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರ ಔಷಧಿಗೆ ಹಾಕುತ್ತದೆ. ಈ ಪದದ ಚರಿತ್ರೆ ಗಮನಿಸುವಂಥದ್ದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಂದು ಕರಾರನ್ನು ಒಂದೇ ಚರ್ಮದ ಹಾಳೆಯ ಮೇಲೆ ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಇಬ್ಬರಿಗೂ ಒಂದೊಂದು ತುಂಡು ಕೊಡುತ್ತಿದ್ದರು. ತಕರಾರು ಬಂದರೆ ತುಂಡುಗಳನ್ನು ಜೋಡಿಸಬೇಕು, ಹಲ್ಲಿಗೆ ಹಲ್ಲು ಕೂತರೆ ಎರಡೂ ಅಸಲಿ. ಲ್ಯಾಟಿನ್ನಿನ ಹಲ್ಲು ಎಂಬ ಪದವೇ ಇಂಡೆಂಟಿನ ಮೂಲ. ಸರಕು ಕಳಿಸಿ ಎಂದು ಉಗ್ರಾಣಕ್ಕೆ ಬರೆಯುವ ಪತ್ರ ಎಂಬ ಅರ್ಥ ಅದಕ್ಕೆ ಕೂಡಿಕೊಂಡದ್ದು ಭಾರತದಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ. ಹಾಗೆ ಕೂಡಿಕೊಂಡಾಗ ಹಲ್ಲು ಉದುರಿಹೋಯಿತು. ಕೆಳಗಿನವನು ಬರೆದ ಸಂಖ್ಯೆಯನ್ನು ಜೋಡಿಸಿ ನೋಡಲು ಮೇಲಿನವನ ಕೈಯಲ್ಲಿ ಇನ್ನೊಂದು ತುಂಡು ಉಳಿಯಲಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಗುಬ್ಬಿಯ ಒಂದು ಅಂಗಡಿಯಲ್ಲಿ ವಾರಕ್ಕೆ 100 ಚೀಲ ಯೂರಿಯಾ ಖರ್ಚಾಗುತ್ತದೆ ಎಂದುಕೊಳ್ಳಿ. ಅಂಗಡಿಯವರು ಎರಡು ವಾರದ ಮಾಲು, ಅಂದರೆ 200 ಚೀಲ, ಕೈಯಲ್ಲಿಟ್ಟುಕೊಂಡಿರುತ್ತಾರೆ. ಸಗಟು ವ್ಯಾಪಾರಿ, ಕಂಪನಿ, ಇಬ್ಬರದೂ ಅದೇ ಕ್ರಮ. ಒಂದು ವಾರ ಹದವಾದ ಮಳೆ ಬಂದು 110 ಚೀಲ ಹೋಯಿತು. ಅಂಗಡಿಯಲ್ಲಿ ಉಳಿದದ್ದು 90. ಇನ್ನು ಮುಂದೆ ವಾರಕ್ಕೆ 110 ಬೇಕಾದೀತು ಎಂದು 220 ಇಟ್ಟುಕೊಳ್ಳಲು ಅವರು 130 ಬರೆಸುತ್ತಾರೆ. ಸಗಟಿನವರಿಗೆ ಮಳೆ ಕಾಣುವುದಿಲ್ಲ, 130 ಕಾಣುತ್ತದೆ. ಅವರು 130 ಕಳಿಸಿ, ಉಳಿದ 70ರಿಂದ 260ಕ್ಕೆ ಏರಲು 190 ಬರೆಸುತ್ತಾರೆ. ಕಂಪನಿ 190 ಕಳಿಸಿ, ಉಳಿದ 10ರಿಂದ 380ಕ್ಕೆ ಏರಲು 370 ಚೀಲ ತಯಾರಿಸುತ್ತದೆ. ಹೊಲದಲ್ಲಿ ಹೆಚ್ಚಿದ್ದು 10 ಚೀಲ, ಕಾರ್ಖಾನೆಯಲ್ಲಿ ಹೆಚ್ಚಿದ್ದು 270. ಮುಂದಿನ ವಾರ ಖರ್ಚು ಮತ್ತೆ 100ಕ್ಕೆ ಇಳಿದರೆ ಅಂಗಡಿಯವರು 80 ಬರೆಸುತ್ತಾರೆ, ಸಗಟಿನವರು ಏನೂ ಬರೆಸುವುದಿಲ್ಲ. ರೈತರು ಎಂದಿನಂತೆ 100 ಚೀಲ ಒಯ್ಯುತ್ತಿರುವಾಗಲೇ ಕಾರ್ಖಾನೆಗೆ ‘ಬೇಡ’ ಎಂಬ ಸುದ್ದಿ ಮುಟ್ಟುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ದುರಾಸೆ ಪಟ್ಟಿಲ್ಲ.

ಇದನ್ನು ಮೊದಲು ವಿವರವಾಗಿ ಲೆಕ್ಕಕ್ಕೆ ತಂದವರು ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್, 1961ರ ‘ಇಂಡಸ್ಟ್ರಿಯಲ್ ಡೈನಾಮಿಕ್ಸ್’ ಎಂಬ ಪುಸ್ತಕದಲ್ಲಿ. ಮುಂದೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಮಕ್ಕಳ ಡೈಪರ್ ವ್ಯಾಪಾರದಲ್ಲಿ ಇದನ್ನೇ ಕಂಡು ಬೆರಗಾದರು. ಹಸುಗೂಸುಗಳು ವಾರ ವಾರವೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಡೈಪರ್ ಒದ್ದೆ ಮಾಡುತ್ತವೆ, ಅಂಗಡಿಯ ಮಾರಾಟವೂ ಅಷ್ಟೇನೂ ಏರಿಳಿಯುವುದಿಲ್ಲ, ಆದರೆ ವಿತರಕರ ಆರ್ಡರುಗಳು ಎಗರಾಡುತ್ತವೆ. ಬಾರುಕೋಲಿನ ಹಿಡಿ ತುಸು ಅಲುಗಿದರೆ ಬಾರಿನ ತುದಿ ಆಳುದ್ದ ಹಾರುತ್ತದಲ್ಲ, ಅದನ್ನೇ ನೆನೆದು ಇದಕ್ಕೆ ಬುಲ್‌ವಿಪ್ ಎಂದು ಹೆಸರಿಟ್ಟರು. 1997ರಲ್ಲಿ ಹಾವ್ ಲೀ, ವಿ. ಪದ್ಮನಾಭನ್, ಸೂಂಗ್‌ಜಿನ್ ವಾಂಗ್ ಎಂಬ ಮೂವರು ಇದರ ಕಾರಣಗಳನ್ನು ನಾಲ್ಕಾಗಿ ಬಿಡಿಸಿದರು. ಆರ್ಡರನ್ನೇ ಬೇಡಿಕೆ ಎಂದು ನಂಬಿ ಅಂದಾಜು ಕಟ್ಟುವುದು ಒಂದು. ಸಣ್ಣಸಣ್ಣದಾಗಿ ತರಿಸದೆ ಒಟ್ಟಿ ಒಮ್ಮೆಗೇ ತರಿಸುವುದು ಇನ್ನೊಂದು. ರೇಟಿನ ಏರಿಳಿತ ಮೂರನೆಯದು. ಕೊರತೆ ಬಂದಾಗ ಹೆಚ್ಚಿಸಿ ಕೇಳುವುದು ನಾಲ್ಕನೆಯದು.

ರೇಟಿನ ಏರಿಳಿತಕ್ಕೆ ತುಮಕೂರಿನ ಬಟ್ಟೆ ಅಂಗಡಿಗಳ ಆಷಾಢದ ರಿಯಾಯಿತಿ ಸಾಕು. ಶ್ರಾವಣದ ಮದುವೆಗೆ ಬೇಕಾದ ಸೀರೆ ಆಷಾಢದಲ್ಲೇ ಮಾರಾಟವಾಗುತ್ತದೆ, ನೇಯುವವರಿಗೆ ಅದು ಹೊಸ ಬೇಡಿಕೆಯಂತೆ ಕಾಣುತ್ತದೆ.

ಯೂರಿಯಾಕ್ಕೆ ಸರ್ಕಾರವೇ ಬೆಲೆ ಕಟ್ಟುವುದರಿಂದ ಅಲ್ಲಿ ರೇಟಿನ ಆಟವಿಲ್ಲ. ಉಳಿದ ಮೂರೂ ತುಂಬಿಕೊಂಡಿವೆ. ಗುಬ್ಬಿ, ಕುಣಿಗಲ್ ಕಡೆ ರಾಗಿಗೆ ಮೇಲುಗೊಬ್ಬರ ಕೊಡುವುದು ಹದ ಮಳೆಯ ಬೆನ್ನಿಗೆ, ಹಾಗಾಗಿ ಮಳೆ ಬಿದ್ದ ವಾರವೇ ಎಲ್ಲರಿಗೂ ಬೇಕು. ಗೊಬ್ಬರ ಬರುವುದೋ ರೈಲಿನ ರೇಕ್ ಲೆಕ್ಕದಲ್ಲಿ. 42 ವ್ಯಾಗನ್‌ಗಳ ಒಂದು ರೇಕ್ ಎಂದರೆ ಎರಡೂವರೆ ಸಾವಿರ ಟನ್ನಿಗೂ ಹೆಚ್ಚು, 45 ಕಿಲೋ ಚೀಲಗಳಲ್ಲಿ ಎಣಿಸಿದರೆ ಐವತ್ತೈದು ಸಾವಿರ ದಾಟುತ್ತದೆ. ಅದು ಬಂದರೆ ರಾಶಿ, ಬರದಿದ್ದರೆ ಒಂದು ಚೀಲವೂ ಇಲ್ಲ. ಇದರ ಮೇಲೆ ‘ಸ್ಟಾಕ್ ಇಲ್ವಂತೆ’ ಎಂಬ ಒಂದು ಮಾತು ಹಬ್ಬಿದರೆ ಸಾಕು, ಎರಡು ಚೀಲ ಸಾಕಿದ್ದವರು ನಾಲ್ಕಕ್ಕೆ ನಿಲ್ಲುತ್ತಾರೆ, ಮನೆಯಿಂದ ಇಬ್ಬರು ಬಂದು ಎರಡು ಅಂಗಡಿಗಳ ಮುಂದೆ ನಿಲ್ಲುತ್ತಾರೆ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಾಗದು. ಪೈರು ಹಳದಿಗಟ್ಟುತ್ತಿರುವವನಿಗೆ ಮುಂದಿನ ವಾರದ ಭರವಸೆ ಅನ್ನವಾಗುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗುಂಡು ಹಾರಿತು, ಪ್ರಾಣ ಹೋಯಿತು. 2025ರಲ್ಲಿ ಮುಂಗಾರು ಬೇಗ ಬಂದು, ಮೆಕ್ಕೆಜೋಳದ ಬಿತ್ತನೆ ಹೆಚ್ಚಿ, ಜುಲೈ ತಿಂಗಳಲ್ಲಿ ರಾಜ್ಯದ ಹಲವೆಡೆ ಮತ್ತೆ ಸಾಲು ಕಂಡೆವು. ಆಗ ರಾಜ್ಯ ಮತ್ತು ಕೇಂದ್ರದ ನಡುವೆ ನಡೆದ ವಾಗ್ವಾದದಲ್ಲಿ ‘ಬೇಡಿಕೆ’, ‘ಹಂಚಿಕೆ’, ‘ಪೂರೈಕೆ’, ‘ದಾಸ್ತಾನು’ ಎಂಬ ನಾಲ್ಕು ಪದಗಳು ನಾಲ್ಕು ಸಂಖ್ಯೆಗಳನ್ನು ಹಿಡಿದು ಓಡಾಡಿದವು. ಹೊಲಕ್ಕೆ ಬಿದ್ದದ್ದೆಷ್ಟು ಎಂಬುದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಸಾಲು ನಿಜವಾದ ಕೊರತೆಯಿಂದಲೂ ಹುಟ್ಟುತ್ತದೆ, ಕೊರತೆಯ ಭಯದಿಂದಲೂ ಹುಟ್ಟುತ್ತದೆ, ಇಂಡೆಂಟಿನಲ್ಲಿ ಎರಡೂ ಒಂದೇ ಅಂಕಣಕ್ಕೆ ಸೇರುತ್ತವೆ.

ತಡ ಹೆಚ್ಚಿದಷ್ಟೂ ಈ ತಪ್ಪು ದೊಡ್ಡದಾಗುತ್ತದೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸುತ್ತಿದ್ದ ಜಾಗ. ಹೆಣ್ಣುಕುದುರೆ ಮರಿ ಹಾಕಲು ಹನ್ನೊಂದು ತಿಂಗಳು ಬೇಕು, ಆ ಮರಿ ಸವಾರನನ್ನು ಹೊತ್ತು ದುಡಿಯಲು ಇನ್ನೂ ನಾಲ್ಕು ವರ್ಷ. ಇಂದು ‘ಬೇಕು’ ಅಂದ ಸೇನಾಪತಿಗೆ ಕುದುರೆ ಸಿಗುವುದು ಐದು ವರ್ಷದ ಆಚೆ. ಅಷ್ಟರಲ್ಲಿ ಯುದ್ಧವೇ ಮುಗಿದಿರಬಹುದು, ಮರಿಗಳು ಮಾತ್ರ ಹುಟ್ಟುತ್ತಲೇ ಇರುತ್ತವೆ. ಅಡಿಕೆ ರೇಟು ಏರಿದ ವರ್ಷ ಗುಬ್ಬಿ ಸೀಮೆಯಲ್ಲಿ ಸಸಿ ನೆಟ್ಟವರ ಲೆಕ್ಕವೂ ಇದೇ, ಫಸಲು ಕೈಗೆ ಬರುವಾಗ ಇರುವುದು ಬೇರೆಯೇ ಮಾರುಕಟ್ಟೆ.

ತುಮಕೂರಿನವರು ಇದನ್ನು ಹತ್ತಿರದಿಂದ ಕಂಡದ್ದು ಎಚ್‌ಎಂಟಿಯಲ್ಲಿ. ಇಲ್ಲಿನ ವಾಚ್ ಕಾರ್ಖಾನೆ ಶುರುವಾದದ್ದು 1978ರಲ್ಲಿ. ಅಂದು ಎಚ್‌ಎಂಟಿ ವಾಚಿಗೆ ಜನ ಕಾದು ನಿಲ್ಲುತ್ತಿದ್ದರು, ಮದುವೆಗೆ ವಾಚು ಹೊಂದಿಸಲು ಗುರುತಿನವರನ್ನು ಹಿಡಿಯುತ್ತಿದ್ದರು. ಹಾಗೆ ಕಾಯುವವರ ಸಾಲು ನೋಡಿದವರಿಗೆ ಬೇಡಿಕೆಗೆ ಕೊನೆಯಿಲ್ಲ ಅನ್ನಿಸುವುದು ಸಹಜ. ಆದರೆ ಬೇರೆ ಆಯ್ಕೆ ಇಲ್ಲದವರು ನಿಂತ ಸಾಲು ಬಯಕೆಯ ಅಳತೆಯಲ್ಲ. 1987ರಲ್ಲಿ ಟೈಟನ್ ಕ್ವಾರ್ಟ್ಸ್ ವಾಚುಗಳು ಅಂಗಡಿಗೆ ಬಂದ ಮೇಲೆ ಆ ಸಾಲು ಕರಗತೊಡಗಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ಕಾರ್ಖಾನೆಯ ಜಾಗ ಇಸ್ರೋ ಕೈ ಸೇರಿತು.

ಹಾಗಾದರೆ ಮಾಡುವುದೇನು? ಮೇಲಕ್ಕೆ ಕಳಿಸಬೇಕಾದದ್ದು ಬೇಡಿದ್ದರ ಲೆಕ್ಕವಲ್ಲ, ಖರ್ಚಿನ ಲೆಕ್ಕ. ನಮ್ಮ ಅಂಗಡಿಯವರ ‘ಖರ್ಚು’ ಎಂಬ ಪದ ಇಲ್ಲಿ ‘ಬೇಡಿಕೆ’ಗಿಂತ ಪ್ರಾಮಾಣಿಕ. 2018ರಿಂದ ದೇಶದ ಉದ್ದಗಲಕ್ಕೂ ಗೊಬ್ಬರದ ಅಂಗಡಿಗಳಲ್ಲಿ ಪಿಒಎಸ್ ಯಂತ್ರ ಬಂದು, ರೈತ ಬೆರಳೊತ್ತಿ ಕೊಂಡ ಚೀಲ ಲೆಕ್ಕಕ್ಕೆ ಸೇರಿದ ಮೇಲೆಯೇ ಕಂಪನಿಗೆ ಸಬ್ಸಿಡಿ ಎಂಬ ಕ್ರಮ ಜಾರಿಯಾಯಿತು. ಸಬ್ಸಿಡಿ ಸೋರಿಕೆ ತಡೆಯಲು ತಂದ ಈ ಯಂತ್ರ ಇಂಡೆಂಟಿಗೆ ಉದುರಿದ್ದ ಹಲ್ಲನ್ನು ಮರಳಿ ತಂದಿದೆ. ಕುಣಿಗಲ್ಲಿನ ಸೊಸೈಟಿಯಲ್ಲಿ ಇವತ್ತು ಹೋದ ಚೀಲ ಇವತ್ತೇ ದೆಹಲಿಯವರೆಗೂ ಕಾಣುತ್ತದೆ. ಕೊರತೆಯ ಕಾಲದಲ್ಲಿ ಹಂಚಿಕೆಯನ್ನು ಬರೆಸಿದ ಇಂಡೆಂಟಿಗೆ ತಕ್ಕಂತೆ ಮಾಡದೆ, ಹಿಂದಿನ ಹಂಗಾಮಿನ ಮಾರಾಟ ಮತ್ತು ಈ ಸಲದ ಬಿತ್ತನೆಗೆ ತಕ್ಕಂತೆ ಮಾಡಿದರೆ, ಹೆಚ್ಚಿಸಿ ಬರೆದವರಿಗೆ ಲಾಭವೇ ಉಳಿಯದು. ಮಳೆಗೆ ಮುಂಚೆಯೇ ತಾಲೂಕು ಗೋದಾಮಿನಲ್ಲಿ ಒಂದಿಷ್ಟು ಕಾಪು ದಾಸ್ತಾನು ಇಟ್ಟು, ಅದೆಷ್ಟಿದೆ ಎಂದು ಸೊಸೈಟಿಯ ಬೋರ್ಡಿನ ಮೇಲೆ ಬರೆದರೆ ಭಯದ ಸಾಲು ತಾನಾಗಿ ಗಿಡ್ಡವಾಗುತ್ತದೆ.

ದೊಡ್ಡ ಕೈಗಾರಿಕೆಯಲ್ಲಿ ದಾರಿ ತುಸು ಬೇರೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರ್, ಮುಂದೆ 60, ಆಮೇಲೆ 90 ಎಂಬುದು ಅದರ ಗುರಿ. ಅಲ್ಲಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಯವನಿಗೆ ಈ ಗುರಿ ಬೇಡಿಕೆಯಲ್ಲ. ಅದನ್ನು ನಂಬಿ ಸಾಲ ಮಾಡಿ ಯಂತ್ರ ತಂದರೆ ಆರ್ಡರು ಬರುವವರೆಗೆ ಕಂತು ಕಟ್ಟಬೇಕಾದವನು ಅವನೇ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ‘ಪ್ರಚಂಡ್’ ಹೆಲಿಕಾಪ್ಟರುಗಳಿಗೆ ಎಚ್‌ಎಎಲ್ ಜೊತೆ ಸಹಿ ಹಾಕಿದ ಒಪ್ಪಂದ ಬೇರೆ ಜಾತಿಯದು. ಬೆಂಗಳೂರು, ತುಮಕೂರು ಘಟಕಗಳಲ್ಲಿ ತಯಾರಿ, ಮೂರನೇ ವರ್ಷದಿಂದ ಪೂರೈಕೆ, ಐದು ವರ್ಷಕ್ಕೆ ಹಂಚಿಕೆ ಎಂದು ಅದರಲ್ಲಿ ಗೊತ್ತುಪಡಿಸಿದೆ. ಆ ವೇಳಾಪಟ್ಟಿಯನ್ನು ಎಚ್‌ಎಎಲ್ ತನ್ನ ಕೊನೆಯ ಬೋಲ್ಟು ಮಾಡುವವನವರೆಗೂ ತೆರೆದು ತೋರಿಸಿದರೆ ಅವನು ಊಹೆಯ ಮೇಲೆ ಬದುಕುವುದು ತಪ್ಪುತ್ತದೆ.

ಆದರೂ ಯಂತ್ರದ ಲೆಕ್ಕ ಪೂರ್ತಿಯಲ್ಲ. ಅದು ಕೊಂಡವರನ್ನಷ್ಟೇ ಬಲ್ಲದು. ಸ್ಟಾಕ್ ಮುಗಿದ ದಿನ ಪಿಒಎಸ್ ಸೊನ್ನೆ ತೋರಿಸುತ್ತದೆ, ಮೇಲಿನವರು ಅದನ್ನು ನೋಡಿ ಅಲ್ಲಿ ಯಾರಿಗೂ ಬೇಕಿಲ್ಲ ಎಂದುಕೊಳ್ಳಬಹುದು. ಬೇಗೂರಿನಿಂದಲೋ ಚೇಳೂರಿನಿಂದಲೋ ಬಸ್ಸು ಹಿಡಿದು ಬಂದು, ಕೇಳಿ, ಇಲ್ಲ ಅನ್ನಿಸಿಕೊಂಡು ಬರಿಗೈಲಿ ಹೋದ ರೈತ ಯಾವ ಅಂಕಣದಲ್ಲೂ ಇಲ್ಲ. ಸೊಸೈಟಿಯ ಗುಮಾಸ್ತರು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟು, ಕೇಳಿ ಹೋದವರ ಹೆಸರು, ಬೆಳೆ, ಎಕರೆ, ಬೇಕಾದ ಚೀಲ ಬರೆದುಕೊಂಡು, ವಾರಕ್ಕೊಮ್ಮೆ ಪಿಒಎಸ್ ಲೆಕ್ಕದ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಬಹುದು. ಎಕರೆಯೂ ಬೆಳೆಯೂ ಪಕ್ಕದಲ್ಲೇ ಇರುವುದರಿಂದ ಹೆಚ್ಚಿಸಿ ಬರೆಸಿದರೆ ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ಸರ್ಕಾರದ ಒಂದು ಸುತ್ತೋಲೆ ಸಾಕು. ಮುಂದಿನ ಮುಂಗಾರಿಗೆ ಮುಂಚೆ ಅದು ಹೊರಡಲಿ.